ಮುಖಮೈಥುನ, ಎಚ್‌ಐವಿ: ಅಪಾಯ ಕಡಿಮೆ, ಸೊನ್ನೆ ಅಲ್ಲ

"ಮುಖಮೈಥುನದಿಂದ ಎಚ್‌ಐವಿ ಬರುವುದೇ ಇಲ್ಲ" ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ತೀರಾ ಅಪರೂಪ ಅನ್ನಿ, ಒಪ್ಪುತ್ತೇನೆ. ಎಂಜಲಿನಿಂದ ಹರಡುವುದಿಲ್ಲವಾದ್ದರಿಂದ ಮಾಡಿಸಿಕೊಳ್ಳುವವರಿಗೆ ಭಯ ಇಲ್ಲವೆಂದರೂ ನಡೆದೀತು. ಮಾಡುವವರ ಬಾಯಲ್ಲಿ ಹುಣ್ಣೋ ರಕ್ತ ಒಸರುವ ವಸಡೋ ಇದ್ದು, ಅದಕ್ಕೆ ವೀರ್ಯ ತಾಗಿದರೆ ಲೆಕ್ಕ ಬದಲಾಗುತ್ತದೆ. "ಮೊದಲು ಚೆನ್ನಾಗಿ ಹಲ್ಲುಜ್ಜಿ" ಎಂಬ ಅದರ ಸಲಹೆಯಂತೂ ಉಲ್ಟಾ: ಬ್ರಷ್ ಗೀರಿದ ವಸಡೇ ವೈರಸ್‌ಗೆ ದಾರಿ. ಬಾಯಿ ಶುಚಿಗೆ ನೀರಲ್ಲಿ ಮುಕ್ಕಳಿಸಿದರೆ ಸಾಕು; ಎಚ್‌ಐವಿ ತಡೆಯಲು ಕಾಂಡೋಮ್ ಬೇಕು.

ಎಚ್‌ಐವಿ ಇರುವ ಸಂಗಾತಿ ಎಆರ್‌ಟಿ (ವೈರಸ್ ಹತ್ತಿಕ್ಕುವ) ಮಾತ್ರೆ ತಪ್ಪಿಸದೆ ತೆಗೆದುಕೊಂಡು, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಮಿಲಿಲೀಟರಿಗೆ 200 ಪ್ರತಿಗಳಿಗಿಂತ ಕೆಳಗೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ.

ಅನುಮಾನವಿದ್ದರೆ ಸಂಪರ್ಕವಾದ 72 ಗಂಟೆಯೊಳಗೆ ವೈದ್ಯರನ್ನು ಕಾಣಿ; ಬೇಕೆನಿಸಿದರೆ ಸೋಂಕು ತಡೆಯುವ 28 ದಿನದ ಪಿಇಪಿ ಮಾತ್ರೆ ಕೊಡುತ್ತಾರೆ. ಮರುದಿನವೇ ಟೆಸ್ಟ್ ಮಾಡಿಸಿ 'ನೆಗೆಟಿವ್' ಎಂದು ನಿಟ್ಟುಸಿರು ಬಿಡುವುದರಲ್ಲಿ ಅರ್ಥವಿಲ್ಲ. ರಾಪಿಡ್ ಕಿಟ್ ಹುಡುಕುವುದು ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ಕಾಣಿಸಿಕೊಳ್ಳಲು 90 ದಿನದವರೆಗೂ ಹಿಡಿಯಬಹುದು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತಸಮಾಲೋಚನೆ, ಪರೀಕ್ಷಾ ಕೇಂದ್ರ) ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ, ಸಹಾಯವಾಣಿ 1097.

ಅಂದಹಾಗೆ, ಲೇಖನ ಮರೆತದ್ದು ಸಿಫಿಲಿಸ್, ಗೊನೊರಿಯಾ ಎಂಬ ಲೈಂಗಿಕ ರೋಗಗಳನ್ನು. ಬಾಯಿಯ ಮೂಲಕ ಇವು ಎಚ್‌ಐವಿಗಿಂತ ಎಷ್ಟೋ ಸಲೀಸಾಗಿ ದಾಟುತ್ತವೆ. ಗಂಟಲಿನ ಗೊನೊರಿಯಾಕ್ಕೆ ಬಹಳಷ್ಟು ಸಲ ನೋವೂ ಇರುವುದಿಲ್ಲ. ಮೂತ್ರ ಪರೀಕ್ಷೆಯಲ್ಲಿ ಸಿಗದು, ಗಂಟಲಿನ ಸ್ವಾಬ್ ಎಂದೇ ಕೇಳಿ.