ಮೃತರ ಹಾಲಿ ವಿಳಾಸ

ಮಂಗಳೂರಿನಲ್ಲಿ ಸಾಯುವ ಯೋಚನೆ ಇದ್ದವರು 1969ರ ಜನನ ಮರಣ ನೋಂದಣಿ ಕಾಯ್ದೆ ಬರುವ ತನಕ ತಡೆದುಕೊಳ್ಳಬೇಕಿತ್ತು. ಅವಸರಪಟ್ಟು ಮೊದಲೇ ಹೋದವರಿಗೆ ತಾವು ಸತ್ತದ್ದನ್ನು ರುಜುವಾತುಪಡಿಸುವ ಕಷ್ಟ ಈಗ ಬಂದೊದಗಿದೆ.

ಜರ್ಮನಿಯ ನಿವೃತ್ತ ಶಿಕ್ಷಕಿಯೊಬ್ಬರು ನನ್ನಲ್ಲಿ ಕೇಳಿದ್ದು ಮುತ್ತಜ್ಜನ ಅಪ್ಪನ ಸಮಾಧಿಗಲ್ಲಿನ ಒಂದು ಫೋಟೊ, ಅಷ್ಟೇ. ಆತ ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು. ಆ ಮಿಷನ್ನಿನ ಜನ 1834ರಲ್ಲಿ ಇಲ್ಲಿಗೆ ಬಂದಿಳಿದರು. ಬಟ್ಟೆ ನೇಯಿಸಿದರು, ಹಂಚು ಸುಡಿಸಿದರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿ ನನ್ನಂಥವರ ಹೊಟ್ಟೆಪಾಡಿಗೂ ದಾರಿ ಮಾಡಿಟ್ಟರು. ಕೆಲವರು ಜ್ವರ ಬಂದು ಇಲ್ಲಿಯೇ ಮಣ್ಣಾದರು. ಅವರ ಕಾಗದಪತ್ರಗಳು ಬಾಸೆಲ್ ನಗರದಲ್ಲಿ ಜೋಪಾನವಾಗಿವೆ. ಆತ ಸತ್ತ ದಿನ ಯಾವುದೆಂದು ಶಿಕ್ಷಕಿಗೆ ಆಗಲೇ ಗೊತ್ತು. ಇಲ್ಲಿ ಉಳಿದದ್ದು ಕಲ್ಲು ಮಾತ್ರ. ಕಲ್ಲಿಗೆ ಬೇಲಿಯಿದೆ, ಬೇಲಿಗೆ ಗೇಟು, ಗೇಟಿಗೆ ಬೀಗ, ಬೀಗಕ್ಕೊಂದು ಕಚೇರಿ.

ಕಚೇರಿಯ ಗುಮಾಸ್ತರು ಸಭ್ಯರು. ಫೋಟೊ ತೆಗೆಯಲು ಅನುಮತಿ ಬೇಕು, ಅನುಮತಿಗೆ ಮರಣ ಪ್ರಮಾಣಪತ್ರ ಬೇಕು ಎಂದು ನಗುನಗುತ್ತಲೇ ಹೇಳಿದರು. ಸತ್ತು ವರ್ಷ ದಾಟಿದರೆ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಆಗಬೇಕು ಎಂಬುದು ಕಾಯ್ದೆ. 2023ರ ತಿದ್ದುಪಡಿಯಲ್ಲಿ ಆ ಕೆಲಸ ಜಿಲ್ಲಾ ದಂಡಾಧಿಕಾರಿ, ಉಪವಿಭಾಗದ ದಂಡಾಧಿಕಾರಿಗಳ ಕಡೆಗೆ ಹೊರಳಿತು. ನೂರೈವತ್ತು ವರ್ಷ ತಡವಾದುದಕ್ಕೆ ಕಾರಣ ಬರೆಯಿರಿ ಎಂದರು. “ಮೃತರಿಗೆ ಬರಲು ಅನಾನುಕೂಲವಾಗಿತ್ತು” ಎಂದು ಬರೆದೆ. ಅವರು ಅದನ್ನು ಓದಿ, ತಲೆಯಾಡಿಸಿ, ಟಿಕ್ ಹಾಕಿದರು.

ಅರ್ಜಿ ನಮೂನೆಯಂತೂ ಸೊಗಸು. ಮೃತರ ಆಧಾರ್ ಸಂಖ್ಯೆ. ಮೃತರ ಮೊಬೈಲ್ ಸಂಖ್ಯೆ, ಒಟಿಪಿ ಅದಕ್ಕೇ ಬರುತ್ತದಂತೆ. ಅಂತ್ಯಸಂಸ್ಕಾರ ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು. ಆರನೆಯ ಕಾಲಂ: ಮೃತರ ಹಾಲಿ ವಿಳಾಸ. ಅದನ್ನು ಹುಡುಕಿಕೊಂಡೇ ನಾನು ಅಲ್ಲಿಗೆ ಹೋದದ್ದು!

“ಹೆಸರು, ತಾರೀಖು ಎಲ್ಲ ಕಲ್ಲಿನ ಮೇಲೆಯೇ ಇದೆಯಲ್ಲ ಸ್ವಾಮಿ?” ಎಂದೆ.

“ಕಲ್ಲಿಗೆ ಸೀಲು ಎಲ್ಲಿದೆ?” ಎಂದರು.

ನ್ಯಾಯವಾದ ಮಾತೇ. ಬಾರಕೂರಿನ ಶಾಸನಗಳನ್ನು ನಂಬಿ ತುಳುನಾಡಿನ ಇತಿಹಾಸ ಬರೆದವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ. ಆಳುಪ ಅರಸರಲ್ಲಿ ಒಬ್ಬರಾದರೂ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಮಾಡಿಸಿದ್ದು ಕಾಣೆ. ಹಲ್ಮಿಡಿ ಶಾಸನದ ಜೆರಾಕ್ಸಿಗೂ ಸ್ವಯಂ ದೃಢೀಕರಣವಿಲ್ಲ.

ಕೊನೆಗೆ ಬೀಗ ತೆಗೆದದ್ದು ಹುಲ್ಲು ಸವರುವ ಹೆಂಗಸು. ಬೀಗದ ಕೈ ಕಚೇರಿಯಲ್ಲಿರಲಿಲ್ಲ, ಅವರ ಸೊಂಟದಲ್ಲಿತ್ತು. ನನ್ನಲ್ಲಿ ಏನನ್ನೂ ಕೇಳಲಿಲ್ಲ. “ಹಾವು ಇರಬಹುದು, ನೋಡಿಕೊಂಡು ಕಾಲಿಡಿ” ಎಂದರು. ಕಲ್ಲಿಗೆ ಯಾರೋ ಗಣ್ಯರು ಬರುವ ಮೊದಲು ಧಾರಾಳವಾಗಿ ಸುಣ್ಣ ಬಳಿದಿದ್ದರು. ಗಣ್ಯರಿಗೆ ಬಿಳಿ ಕಂಡರೆ ಸಾಕು, ಅಕ್ಷರ ಕಾಣಬೇಕಾಗಿಲ್ಲ. ಸುಣ್ಣದ ಮೇಲೆ ಮಳೆಗಾಲದ ಪಾಚಿ. ಹೆಂಗಸು ನೀರು ಹಾಕಿ ಮೆಲ್ಲಗೆ ಒರೆಸಿದರು. ಮೊದಲು 18 ಕಂಡಿತು, ಮುಂದಿನ ಎರಡು ಅಂಕಿಗಳನ್ನು ಸುಣ್ಣ ನುಂಗಿತ್ತು. ನೆತ್ತಿಯ ಬಿಸಿಲಿನಲ್ಲಿ ತೆಗೆದ ಫೋಟೊದಲ್ಲಿ ಬಿಳಿ ಹಲಗೆಯೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ಸಂಜೆ ಬಿಸಿಲು ಪಕ್ಕದಿಂದ ಓರೆಯಾಗಿ ಬಿದ್ದಾಗ ಹಳೆಯ ಜರ್ಮನ್ ಲಿಪಿಯ ಕೊಂಕುಗಳು ಒಂದೊಂದಾಗಿ ನೆರಳು ಕಟ್ಟಿಕೊಂಡು ಎದ್ದವು. ಹೆಸರು ಸರಿಯಿತ್ತು. ಫೋಟೊ ಅಂದೇ ರಾತ್ರಿ ಜರ್ಮನಿ ಮುಟ್ಟಿತು.

ಅನುಮತಿಯ ಅರ್ಜಿ ಮಾತ್ರ ಇನ್ನೂ ನಡೆಯುತ್ತಲೇ ಇದೆ. ಮೊನ್ನೆ ಅಂಚೆಯಲ್ಲಿ ನೋಟಿಸು ಬಂತು, ಮೃತರ ಹೆಸರಿಗೆ, ನನ್ನ ಮನೆ ವಿಳಾಸಕ್ಕೆ. ಮೂಲ ದಾಖಲೆಗಳೊಂದಿಗೆ ಏಳು ದಿನಗಳೊಳಗೆ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಸದರಿ ಮರಣದಲ್ಲಿ ತಮಗೆ ಆಸಕ್ತಿ ಇಲ್ಲವೆಂದು ಭಾವಿಸಿ ಕಡತವನ್ನು ಮುಕ್ತಾಯಗೊಳಿಸಲಾಗುವುದು.