ಮಗುವಿನ ನೋವನ್ನು ಟ್ಯಾಬ್‌ನಲ್ಲಿ ಮಗುವೇ ಗುರುತಿಸಬೇಕೇ?

ಪರ

ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ, ಮಕ್ಕಳ ವಾರ್ಡಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಡಾಕ್ಟರು ಕೇಳುವುದು ಮಗುವನ್ನು, ಉತ್ತರ ಕೊಡುವುದು ಅಮ್ಮ. ಕಾಫಿ ಕೊಯ್ಲಿನ ದಿನಗಳಲ್ಲಿ ಅಮ್ಮನೂ ತೋಟದಲ್ಲಿ, ಕರೆತರುವುದು ಅಜ್ಜಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ ಆಡುವ ಮಕ್ಕಳಿಗೆ ಆಸ್ಪತ್ರೆಯಲ್ಲಿ ಕನ್ನಡ ಬಾಯಿಗೆ ಬರುವುದೇ ಕಷ್ಟ.

ಅದೇ ಮಗುವಿಗೆ ಟ್ಯಾಬ್‌ನಲ್ಲಿ ಆರು ಮುಖ ತೋರಿಸಿ. ಮೊದಲನೆಯದು ನೋವಿಲ್ಲದ್ದು, ಕೊನೆಯದು ತಡೆಯಲಾಗದ ನೋವಿನದ್ದು. ಬೆರಳಿಟ್ಟರೆ 0ರಿಂದ 10ರೊಳಗೆ ಒಂದು ಅಂಕಿ ದಾಖಲಾಗುತ್ತದೆ. 2001ರಲ್ಲಿ ಪರಿಷ್ಕರಿಸಿದ ಮುಖಗಳ ಅಳತೆಪಟ್ಟಿಯಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ. ಹಾಗಾಗಿ ಬೇಜಾರನ್ನೂ ಭಯವನ್ನೂ ನೋವಿನ ಲೆಕ್ಕಕ್ಕೆ ಸೇರಿಸುವ ಗೊಂದಲ ಕಡಿಮೆ. ನಾಲ್ಕೈದು ವರ್ಷದವರಿಗೂ ಇದು ಆಗುತ್ತದೆ.

ಕಾಗದದಲ್ಲೂ ಮಾಡಬಹುದು, ನಿಜ. ಆದರೆ ಸಂಜೆ ಮಗು ಎಷ್ಟು ತೋರಿಸಿತ್ತು, ಔಷಧಿ ಕೊಟ್ಟ ಮೇಲೆ ಎಷ್ಟಕ್ಕೆ ಇಳಿಯಿತು ಎಂಬುದು ರಾತ್ರಿ ಪಾಳಿಯ ನರ್ಸ್‌ಗೆ ತಕ್ಷಣ ಸಿಗಬೇಕಲ್ವಾ? 'ಮಕ್ಕಳು ಸುಮ್ನೆ ಅಳ್ತಾವೆ' ಅಂತ ತಳ್ಳಿಹಾಕುವುದು ಆಗ ಸುಲಭವಲ್ಲ.

ವಿರೋಧ

ಮಳೆಗಾಲದ ಕರೆಂಟು, ನೆಟ್‌ವರ್ಕ್ ನನ್ನ ತಕರಾರಲ್ಲ. ಅದಕ್ಕೆ ದಾರಿ ಇದೆ. ನನಗೆ ಹೆದರಿಕೆ ಆ ಅಂಕಿಯ ಮೇಲೆಯೇ.

ಜಾಸ್ತಿ ತೋರಿಸಿದರೆ ಇಂಜೆಕ್ಷನ್ ಕೊಡ್ತಾರೆ ಅಂತ ಆರು ವರ್ಷದ ಮಗುವಿಗೂ ಗೊತ್ತು. ಹೊಟ್ಟೆನೋವಿಗೆ ಮೊಣಕಾಲು ಮಡಚಿಕೊಂಡು, ಅಲುಗಾಡದೆ ಮಲಗಿರುತ್ತದೆ. ಬೆರಳು ಮಾತ್ರ ಎರಡನೇ ಮುಖದ ಮೇಲೆ. ಪರದೆ 2 ಎಂದು ಬರೆದುಕೊಳ್ಳುತ್ತದೆ. ಆ ಮೊಣಕಾಲನ್ನು ನೋಡಬೇಕಾದವರು ನರ್ಸ್. ಹತ್ತಾರು ಹಾಸಿಗೆ ಓಡಾಡುವವರ ಕಣ್ಣು ಟ್ಯಾಬ್ ಮೇಲೇ ಇದ್ದರೆ ನೋಡುವವರು ಯಾರು?

ಎರಡು ವರ್ಷದ ಕೂಸು, ಬುದ್ಧಿ ಬೆಳವಣಿಗೆ ಕಡಿಮೆಯಾದ ಮಗು ಮುಖ ಆರಿಸುವುದಿಲ್ಲ. ಅಂಥವರಿಗೆ ಮುಖಭಾವ, ಕಾಲು, ಚಡಪಡಿಕೆ, ಅಳು, ಸಮಾಧಾನವಾಗುವ ರೀತಿ ನೋಡಿ ಅಂಕ ಕೊಡುವ ಪದ್ಧತಿ 1997ರಿಂದಲೇ ಇದೆ. ಮಾತಲ್ಲಿ ಹೇಳಲಾಗದವರಿಗೂ ನೋವಿರಬಹುದು ಎಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರ ವ್ಯಾಖ್ಯೆಯ ಜೊತೆಗೇ ಹೇಳಿದೆ.

ಇನ್ನೊಂದು ಮಾತು. ನೋವು ಅಳೆದ ಮೇಲೆ ಏನು ಮಾಡುತ್ತೇವೆ? ಸೂಜಿ ಚುಚ್ಚುವ ಒಂದು ಗಂಟೆ ಮೊದಲು ಚರ್ಮ ಮರಗಟ್ಟಿಸುವ ಕ್ರೀಮ್ ಹಚ್ಚಿದರೆ ಎಷ್ಟೋ ಅಳು ತಪ್ಪುತ್ತದೆ. ಟ್ಯಾಬ್‌ಗೆ ದುಡ್ಡು ತೆಗೆದಿಡುವ ಮೊದಲು, ಆ ಟ್ಯೂಬು ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ಇದೆಯಾ ನೋಡಿ.