ಕಾಗದ ನೋಡಿದ್ದಾಯ್ತು, ಮನೆ ನೋಡಿದವರು ಯಾರು?

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಮಣಿಪಾಲದ ಹತ್ತಿರ ಒಂದು ಹಳೆ ಮನೆ ಇಷ್ಟ ಆಗಿದೆಯಂತೆ. ಇ.ಸಿ. (ಋಣಭಾರ ಪತ್ರ), ಆರ್‌ಟಿಸಿ (ಪಹಣಿ), ಕನ್ವರ್ಷನ್ (ಭೂ ಪರಿವರ್ತನೆ) ಎಲ್ಲ ಲಾಯರ್ ನೋಡಿ ಸರಿ ಉಂಟು ಅಂದಿದ್ದಾರೆ. ವಾಸ್ತು ನೋಡಿಸಿದ್ದೂ ಆಯ್ತು. ಇನ್ನು ಅಡ್ವಾನ್ಸ್ ಕೊಡುವುದೊಂದು ಬಾಕಿ.

"ಎಂಜಿನಿಯರ್‌ಗೆ ತೋರಿಸಿದಿರಾ?" ಅಂದೆ.

"ಅದ್ಯಾಕಣ್ಣ? ಈಗಷ್ಟೇ ಪೈಂಟ್ ಮಾಡಿದ್ದಾರೆ, ಮನೆ ಹೊಸತರ ಹಾಗೆ ಉಂಟು."

ಪೈಂಟ್ ಅಂದ ಕೂಡಲೇ ನನಗೆ ಹೆದರಿಕೆ ಆಯ್ತು.

ಆರು ವರ್ಷದ ಹಿಂದೆ ಮಂಗಳೂರಿನ ಶಕ್ತಿನಗರದ ಕಡೆ ನಾವು ಮನೆ ತೆಗೆದುಕೊಂಡದ್ದು ಫೆಬ್ರವರಿಯಲ್ಲಿ. ಆಗ ಗೋಡೆಗಳೆಲ್ಲ ಫಳಫಳ. ಜೂನ್‌ನಲ್ಲಿ ಮಳೆ ಹಿಡಿದ ಎರಡೇ ವಾರಕ್ಕೆ ಮಗಳ ಕೋಣೆಯ ಮೂಲೆಯಲ್ಲಿ ಪೈಂಟ್ ಉಬ್ಬಿತು. ಆಟಿ (ತುಳುವರ ಮಳೆಗಾಲದ ತಿಂಗಳು) ಬರುವಷ್ಟರಲ್ಲಿ ಸ್ಲ್ಯಾಬಿನಿಂದ ಅಂಗೈಯಗಲದ ಚಕ್ಕೆ ಅವಳ ಮಂಚದ ಮೇಲೆ ಬಿತ್ತು. ಅವಳು ಶಾಲೆಗೆ ಹೋಗಿದ್ದಳು. ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ. ಮಾರಿದವರನ್ನು ಕೇಳಿದರೆ "ನಾವಿರುವಾಗ ಏನೂ ಇರಲಿಲ್ಲ" ಅಂದರು. ರಿಪೇರಿ, ಮೇಲೊಂದು ಶೀಟಿನ ಮಾಡು ಎಲ್ಲ ಸೇರಿ 3.5 ಲಕ್ಷ ಹೋಯಿತು.

ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಸಮುದ್ರದ ಉಪ್ಪು ಗಾಳಿ ಬೇರೆ. ಸ್ಲ್ಯಾಬಿನೊಳಗೆ ನೀರು ಇಳಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಇದೆಲ್ಲ ಎಷ್ಟೋ ವರ್ಷದಿಂದ ಒಳಗೊಳಗೇ ನಡೆದಿರುತ್ತದೆ. ರೇರಾಕ್ಕೆ (ರಿಯಲ್ ಎಸ್ಟೇಟ್ ಕಾಯ್ದೆಗೆ) ಒಳಪಟ್ಟ ಹೊಸ ಫ್ಲ್ಯಾಟ್ ಆದರೆ ಕೈಗೆ ಬಂದ ದಿನದಿಂದ 5 ವರ್ಷ ಕಟ್ಟಡದ ದೋಷವನ್ನು ಬಿಲ್ಡರೇ ಸರಿಮಾಡಿ ಕೊಡಬೇಕು. ಹಳೆ ಮನೆ ಮಾರುವವರ ಮೇಲೆ ಆ ಹೊಣೆ ಇಲ್ಲ.

ತಂಗಿಯನ್ನು ಒಪ್ಪಿಸಿ ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋದೆ. ಫೀಸು 8 ಸಾವಿರ. ಮೂರು ಗಂಟೆ ಅವರು ಸುಮ್ನೆ ಕೂರಲಿಲ್ಲ. ಸಣ್ಣ ಸುತ್ತಿಗೆಯಲ್ಲಿ ಗಾರೆ ತಟ್ಟಿ ಎಲ್ಲಿ ಟೊಳ್ಳು ಶಬ್ದ ಬರುತ್ತದೆ ಅಂತ ಕೇಳಿದರು. ಬಾಗಿಲಿನ ದಾರಂದವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಗೆದ್ದಲು ನೋಡಿದರು. ಅರ್ಥಿಂಗ್ ನೋಡಿದರು, ಬಾವಿಗೂ ಶೌಚಾಲಯದ ಪಿಟ್ಟಿಗೂ ಎಷ್ಟು ದೂರ ಅಂತ ಅಳೆದರು.

ಜಾಸ್ತಿ ಹೊತ್ತು ನಿಂತದ್ದು ಮನೆಯ ಹಿಂದೆ. ಅಲ್ಲಿ ಬರೆ (ಗುಡ್ಡದ ಕಡಿದಾದ ಅಂಚು) ಕಡಿದು ತಡೆಗೋಡೆ ಕಟ್ಟಿದ್ದಾರೆ. ಎಂಟಡಿ ಗೋಡೆ, ನೀರು ಹೊರಗೆ ಬರಲು ಒಂದೂ ತೂತು ಇಲ್ಲ. ಮಳೆಗಾಲದಲ್ಲಿ ಹಿಂದಿನ ಮಣ್ಣೆಲ್ಲ ನೀರು ಕುಡಿದು ಗೋಡೆಯನ್ನು ದೂಡುತ್ತದೆ. ಪ್ರತಿ ವರ್ಷ ಬರೆ ಜರಿದು ಮನೆ ಮೇಲೆ ಬಿದ್ದ ಸುದ್ದಿ ಓದುತ್ತೇವೆ, ಅಲ್ವಾ? ಲಾಯರ್ ನೋಡಿದ ಯಾವ ಕಾಗದದಲ್ಲೂ ಈ ಗೋಡೆ ಇರಲಿಲ್ಲ.

ಮನೆ ಮಾರುವವರಿಗೆ ಮೊದಲು ಬೇಜಾರಾಯಿತು. "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದರು. ತಂಗಿಗೂ ಸಂಕೋಚ. ನಾನು ಅವರಿಗೆ ಮಗಳ ಮಂಚದ ಕಥೆ ಹೇಳಿದೆ. ಆಮೇಲೆ ಅವರೇ ಮೆತ್ತಗಾಗಿ, ಟೆರೇಸಿನಲ್ಲಿ ಒಂದು ದಿನ ನೀರು ಕಟ್ಟಿ ನಿಲ್ಲಿಸಿ ನೋಡಲು ಒಪ್ಪಿದರು. ತಡೆಗೋಡೆಯ ಕೆಲಸದ ಖರ್ಚು ಯಾರದ್ದು ಅಂತ ಅಗ್ರಿಮೆಂಟಿನಲ್ಲಿ ಬರೆಯಬೇಕು ಅಂತಲೂ ಮಾತಾಗಿದೆ.

ಇವತ್ತು ಬೆಳಿಗ್ಗೆ ಪೈಪಿನ ಬಾಯಿ ಮುಚ್ಚಿ ನೀರು ಬಿಟ್ಟಿದ್ದೇವೆ. ನಾಳೆ ಹೋಗಿ ಕೆಳಗಿನ ಕೋಣೆಗಳ ಸೀಲಿಂಗ್ ನೋಡಬೇಕು. ಅಲ್ಲಿಯವರೆಗೆ ಅಡ್ವಾನ್ಸ್ ತಂಗಿಯ ಕೈಯಲ್ಲೇ ಇರುತ್ತದೆ.